ಹಿಂದಿನ ಸಾಲಿನ ಗುನುಗು

ಫೂಸಿ ಸ್ವರ ಕೊಟ್ಟಳು. ಯಾರೂ ಹಾಡಲಿಲ್ಲ.

ಕೇಳಿಸಲಿಲ್ಲವೇನೋ ಎಂದುಕೊಂಡು ಇನ್ನೊಮ್ಮೆ, ತುಸು ಗಟ್ಟಿಯಾಗಿ ಕೊಟ್ಟು ಮೇಳ ನಡೆಸುವ ಕೋಲು ಎತ್ತಿದಳು. ಊರಿನ ಪದ್ಧತಿಯಂತೆ ಸೊಂಟಕ್ಕೆ ಸೂತಕದ ಚಾಪೆ ಸುತ್ತಿಕೊಂಡಿದ್ದ ಐವತ್ತೆಂಟು ಜನ ಉಸಿರು ತುಂಬಿಕೊಂಡು ಸುಮ್ಮನೆ ನಿಂತೇ ಇದ್ದರು. ಮುಂದೆ ಮರಳಿನಲ್ಲಿ ತೋಡಿದ ಗುಂಡಿ, ಪಕ್ಕದಲ್ಲಿ ಮೇಳದವನೇ ಆದ ಫೆಲೆತಿಯ ಶವಪೆಟ್ಟಿಗೆ. ಪಾದ್ರಿ ಪುಸ್ತಕ ಮುಚ್ಚಿ ಇವಳತ್ತ ನೋಡಿದರು. ಮೂವತ್ತೊಂದು ವರ್ಷಗಳಲ್ಲಿ ಅವಳ ಮೇಳ ಅವಳ ಎದುರು ಹೀಗೆ ಬಾಯಿ ಮುಚ್ಚಿ ನಿಂತದ್ದೇ ಇಲ್ಲ.

ಟೋಂಗಾದ ಈ ಪುಟ್ಟ ದ್ವೀಪಕ್ಕೆ ಹಡಗು ಬಂದಾಗಲೆಲ್ಲ ಮೇಳದ ಒಬ್ಬಿಬ್ಬರು ಆಕ್ಲೆಂಡಿನ ಕಡೆ ಹೊರಟುಬಿಡುತ್ತಾರೆ. ಅಷ್ಟೇ ಜನರನ್ನು ಫೂಸಿ ಎಲ್ಲಿಂದಲೋ ಎಳೆದು ತರುತ್ತಾಳೆ. ದನಿ ಚೆನ್ನಾಗಿಲ್ಲ ಎಂದು ನಾಚಿದವರಿಗೆ, "ಬಾಯಿ ಇದೆ ತಾನೆ, ಬಾ" ಎನ್ನುತ್ತಾಳೆ. ಎರಡು ಸಲ ಅಭ್ಯಾಸ ತಪ್ಪಿಸಿದವರ ಬಾಗಿಲಲ್ಲಿ ಮರುದಿನ ಬೆಳಿಗ್ಗೆ ಬೇಯಿಸಿದ ಗೆಣಸಿನ ಬುಟ್ಟಿ ಹಿಡಿದು ಕೂತಿರುತ್ತಾಳೆ. ಬೈಯುವುದಿಲ್ಲ, ಏಳುವುದೂ ಇಲ್ಲ. ಟೋಂಗಾದ ರೂಢಿಯಂತೆ ಸ್ವರಗಳಿಗೆ ಮೂರರಿಂದ ಒಂಬತ್ತರವರೆಗಿನ ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆದು ಮೀನು ಹಿಡಿಯುವವರಿಗೂ ಹಾಡು ಕಲಿಸಿದವಳು. ಚರ್ಚ್ ಸಭೆಯ ವಾರ್ಷಿಕ ಸ್ಪರ್ಧೆಯಲ್ಲಿ ಆರು ಬಾರಿ ಮೊದಲ ಸ್ಥಾನ. ವಾದ್ಯವೆಂಬುದಿಲ್ಲ. ಆರಂಭದ ಸ್ವರ, ಅಂದರೆ 'ಮೂರು', ಅವಳ ಗಂಟಲಿನಿಂದಲೇ ಬರಬೇಕು. ಅದು ಅವಳ ಹೆಮ್ಮೆ, ಸ್ವಲ್ಪ ಜಂಬ ಕೂಡ.

ಈಗ ಎಲ್ಲರೂ ಹಿಂದಿನ ಸಾಲಿನಲ್ಲಿ ಫೆಲೆತಿ ನಿಲ್ಲುತ್ತಿದ್ದ ಖಾಲಿ ಜಾಗವನ್ನು ನೋಡುತ್ತಿದ್ದರು.

"ವೀಕಾ, ಏನೇ ಇದು?" ಎಂದು ಫೂಸಿ ಮುಂದಿನ ಸಾಲಿನವಳನ್ನು ಕೇಳಿದಳು. ಮೀನು ಮಾರುವ ವೀಕಾಳ ನಾಲಿಗೆಗೆ ಲಗಾಮಿಲ್ಲ. ಇಂದು ಅವಳೂ ತಲೆ ತಗ್ಗಿಸಿದಳು.

"ಅವರು ಗುನುಗಬೇಕಿತ್ತು ಅಕ್ಕಾ."

"ಯಾರು?"

"ಫೆಲೆತಿಯಣ್ಣ. ನೀವು ಸ್ವರ ಕೊಟ್ಮೇಲೆ ಹಿಂದಿನಿಂದ ಮೆಲ್ಲಗೆ ಗುನುಗೋರು. ನಾವು ಅದನ್ನ ಹಿಡ್ಕೊಂಡು ಶುರು ಮಾಡೋದು. ನಾಲ್ಕು ವರ್ಷ ಆಯ್ತು. ಇವತ್ತೂ ಹಾಗೇ ಕಾಯ್ತಾ ನಿಂತ್ಬಿಟ್ವಿ."

"ನನ್ನ ಸ್ವರಕ್ಕೇನು ಬಂದಿದೆ ರೋಗ?"

"ಮೇಲಕ್ಕೆ ಹೋಗ್ಬಿಟ್ಟಿದೆ. ನಿಮ್ಮ ಮೂರು ಅಂದ್ರೆ ನಮಗೆ ಐದು. ಅದನ್ನೇ ಹಿಡಿದ್ರೆ ಎರಡನೇ ಚರಣಕ್ಕೆ ನಮ್ಮ ಗಂಟಲು ಕಿತ್ತುಬರುತ್ತೆ. ನಿಮ್ಮ ಕಿವಿ ಕೆಟ್ಟಿದೆ ಅಕ್ಕಾ."

ಮೇಳ ಪ್ರತಿ ಸಲ ಕೆಳಗಿನಿಂದ ಶುರುಮಾಡುವುದು ಫೂಸಿಗೆ ಕೇಳಿಸುತ್ತಲೇ ಇತ್ತು. ಸೋಮಾರಿಗಳು ಎಂದು ನಾಲ್ಕು ವರ್ಷ ಮುಖಕ್ಕೆ ಮಂಗಳಾರತಿ ಎತ್ತಿದ್ದಳು. ಒಬ್ಬರೂ ತಿರುಗಿ ಮಾತಾಡಿರಲಿಲ್ಲ. ಫೆಲೆತಿಗಂತೂ, "ನಿನ್ನ ಹೊಟ್ಟೆ ಭಾರಕ್ಕೇ ಹಾಡು ಕುಸೀತಿದೆ ಕಣೋ" ಎಂದು ಎಲ್ಲರೆದುರು ಹಂಗಿಸಿದ್ದಳು. ಅವನು ನಗುತ್ತಾ ಹೊಟ್ಟೆ ಸವರಿಕೊಂಡಿದ್ದ. ಆ ನಗುವನ್ನು ನೆನೆದು ಅವಳಿಗೆ ನಾಚಿಕೆಯಾಯಿತು.

"ನಾಲ್ಕು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದ್ರಿ. ಒಂದು ಮಾತು ಹೇಳೋಕಾಗಲಿಲ್ವಾ?"

"ಹೇಳಿದ್ರೆ ಕೋಲು ಬಿಸಾಕಿ ಮನೇಲಿ ಕೂರ್ತಿದ್ರಿ. ನಿಮ್ಮನ್ನ ನಾವು ನೋಡಿಲ್ವಾ?" ವೀಕಾ ತಲೆ ಎತ್ತಿದಳು. "ಸ್ವರ ಯಾರು ಬೇಕಾದ್ರೂ ಕೊಡ್ತಾರೆ. ಬರದೇ ಇರೋರ ಬಾಗಿಲಲ್ಲಿ ಹೋಗಿ ಯಾರು ಕೂರ್ತಾರೆ? ಫೆಲೆತಿಯಣ್ಣನೇ ಹೇಳಿದ್ದು, ಅಕ್ಕನ ಕಿವಿಗೆ ಬೀಳಬಾರದು, ಅಕ್ಕ ಹೋದ್ರೆ ಮೇಳ ಹೋಯ್ತು ಅಂತ."

ಪಾದ್ರಿ ಮೆಲ್ಲಗೆ ಕೆಮ್ಮಿದರು. ಹಗ್ಗ ಹಿಡಿದ ಆಳುಗಳು ಕಾಯುತ್ತಿದ್ದರು. ಕೋಲನ್ನು ಅಲ್ಲೇ ಮರಳಿಗೆ ಎಸೆದು ಮನೆಯ ದಾರಿ ಹಿಡಿಯಬೇಕೆಂದು ಫೂಸಿಗೆ ನಿಜವಾಗಿಯೂ ಅನ್ನಿಸಿತು. ಅರ್ಧ ತಿರುಗಿಯೂ ಬಿಟ್ಟಳು. ಪೆಟ್ಟಿಗೆ ಅಡ್ಡ ಇತ್ತು.

"ನೀನು ಕೊಡು," ಎಂದಳು ವೀಕಾಗೆ.

ವೀಕಾ ಕಣ್ಣೊರೆಸಿಕೊಂಡು ಗುನುಗಿದಳು. ಮೇಳದ ಮುಖಗಳು ಸಡಿಲಗೊಂಡವು. ಫೂಸಿ ಕಿವಿಗೊಟ್ಟು ಕೇಳಿದಳು. ಅದು ತಪ್ಪು, ಬಹಳ ಕೆಳಗಿದೆ ಎಂದು ಅವಳ ಕಿವಿ ಈಗಲೂ ಆಣೆಯಿಟ್ಟು ಹೇಳುತ್ತಿತ್ತು. ಅವಳು ಕೋಲು ಎತ್ತಿದಳು.