ಗಂಗಕ್ಕನ ಬಿಳಿ ಬಟ್ಟೆ

ಅಳತೆ ತೆಗೆದುಕೊಳ್ಳುವಾಗ ಕೆಮ್ಮಿಸುವ ಟೈಲರನ್ನು ನಾನು ಕಂಡಿರುವುದು ಒಬ್ಬಳನ್ನೇ. ದೊಡ್ಡಬೆಳವಂಗಲದ ಸಿದ್ದಗಂಗಮ್ಮ, ಎಲ್ಲರ ಬಾಯಲ್ಲಿ ಗಂಗಕ್ಕ. ಸೊಂಟಕ್ಕೆ ಟೇಪು ಸುತ್ತಿ, ತುಟಿಯ ನಡುವೆ ಕಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದು, "ಕೆಮ್ಮು" ಅನ್ನುತ್ತಿದ್ದಳು. ನಾಚಿಕೊಂಡು ಗಂಟಲು ಸರಿಮಾಡಿಕೊಂಡರೆ ಒಪ್ಪುತ್ತಿರಲಿಲ್ಲ. "ಅತ್ತೆ ಮುಂದೆ ಕೆಮ್ಮೋ ಹಂಗಲ್ಲ ಕಣೇ. ಒಗ್ಗರಣೆ ಘಾಟು ಹತ್ತಿದ್ರೆ ಹೆಂಗೆ ಕೆಮ್ತೀಯಾ? ಹಂಗೆ ಕೆಮ್ಮು!" ಆಮೇಲೆ ಕುಕ್ಕರಗಾಲಲ್ಲಿ ಕೂರಿಸುತ್ತಿದ್ದಳು, ಏಳಿಸುತ್ತಿದ್ದಳು, ಮೂಲೆಯಲ್ಲಿದ್ದ ನೀರು ತುಂಬಿದ ಬಿಂದಿಗೆ ಎತ್ತಿಸುತ್ತಿದ್ದಳು. "ಈಗ ಹೇಳು, ಭಾರ ಎಲ್ಲಿ ಬಿತ್ತು?"

ಅಂಗಡಿಯ ಮುಂಭಾಗದಲ್ಲಿ ಅವಳು ಎಲ್ಲರಂತೆ ಬ್ಲೌಸು ಹೊಲಿಯುವವಳೇ. ಸೀರೆಗೆ ಫಾಲು, ಮಕ್ಕಳ ಯೂನಿಫಾರಂ, ಹಬ್ಬ ಬಂದರೆ ಲಂಗ. ಕೆಮ್ಮಿಸುವುದೆಲ್ಲ ಹಿಂದಿನ ಪರದೆಯ ಆಚೆಗೆ. ಹೆರಿಗೆಯ ನಂತರ ಗರ್ಭಕೋಶ ಜಾರಿದ ಹೆಂಗಸರಿಗೆ ಅವಳು ಅಲ್ಲೊಂದು ಪಟ್ಟಿ ಹೊಲಿದುಕೊಡುತ್ತಿದ್ದಳು. ಸೊಂಟಕ್ಕೊಂದು ಅಗಲವಾದ ಪಟ್ಟಿ, ಕಾಲುಗಳ ನಡುವಿನಿಂದ ಮುಂದಕ್ಕೆಳೆದು ಗುಂಡಿ ಹಾಕುವ ಇನ್ನೊಂದು ಪಟ್ಟಿ, ಅಷ್ಟೇ. ಹಿಂದೆ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಸ್ಯಾಂಪಲ್ ಹೊಲಿಯುತ್ತಿದ್ದವಳು, ಮೂರನೆಯ ಹೆರಿಗೆಯಲ್ಲಿ ತನಗೇ ಈ ಪಾಡು ಬಂದಾಗ ತನ್ನ ಮೈಗೆ ತಾನೇ ಕತ್ತರಿಸಿ ಹೊಲಿದುಕೊಂಡಿದ್ದಳು. ಅಲ್ಲಿಂದ ಬಾಯಿಂದ ಬಾಯಿಗೆ ಹೋಗಿ ಸುತ್ತಿನ ಹಳ್ಳಿಯ ಹೆಂಗಸರು ಬರತೊಡಗಿದರು.

ಆ ಪಟ್ಟಿಗೆ ಅವಳು ಬಿಳಿ ಬಟ್ಟೆ ಬಿಟ್ಟು ಬೇರೆ ಬಟ್ಟೆ ಮುಟ್ಟುತ್ತಿರಲಿಲ್ಲ. ಬೇಗ ಕೊಳೆಯಾಗುತ್ತೆ, ಬಣ್ಣದ್ದು ಹೊಲಿದುಕೊಡಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ. "ಕಲೆ ಬಿದ್ರೆ ಕಾಣ್ಬೇಕು. ನನ್ನ ಪಟ್ಟಿ ಎತ್ತಿ ಹಿಡಿಯೋದು ಅಷ್ಟೇ, ವಾಸಿ ಮಾಡಲ್ಲ. ರಕ್ತ ಕಂಡ್ರೆ, ಉಚ್ಚೆ ಕಟ್ಟಿದ್ರೆ ನನ್ನ ಹತ್ರ ಬರಬ್ಯಾಡ, ಸೀದಾ ಆಸ್ಪತ್ರೆಗೆ ಹೋಗು."

ನಾನು ಅವಳ ಬಳಿ ಹೋದಾಗ ನನಗೆ ಇಪ್ಪತ್ತೊಂಬತ್ತು. ಮಗಳು ಹುಟ್ಟಿ ವರ್ಷವಾಗಿತ್ತು. ದಾಬಸ್‌ಪೇಟೆಯ ಗೋಡೌನ್ ಒಂದರಲ್ಲಿ ಪ್ಯಾಕಿಂಗ್ ಕೆಲಸ, ದಿನಕ್ಕೆ ಎಂಟು ಗಂಟೆ ನಿಂತೇ ಇರಬೇಕು, ಡಬ್ಬ ಎತ್ತಬೇಕು. ಮಧ್ಯಾಹ್ನದ ಹೊತ್ತಿಗೆ ಕೆಳಗೇನೋ ಇಳಿದುಬರುವುದು. ಕೂತರೆ ನಿಂಬೆಹಣ್ಣಿನ ಮೇಲೆ ಕೂತಂತೆ. ನಕ್ಕರೆ, ಸೀನಿದರೆ ಬಟ್ಟೆ ಒದ್ದೆ. ಜೊತೆಯವರ ಮೂಗಿಗೆ ವಾಸನೆ ಹೋದೀತೆಂದು ಊಟಕ್ಕೆ ಒಬ್ಬಳೇ ದೂರ ಕೂರುತ್ತಿದ್ದೆ. ಗಂಡ ಹತ್ತಿರ ಬಂದರೆ ತಲೆನೋವು ಅನ್ನುತ್ತಿದ್ದೆ. ಅವರೂ ಎಷ್ಟು ದಿನ ನಂಬಿಯಾರು? ನರ್ಸಿಂಗ್ ಹೋಮ್ ಒಂದರಲ್ಲಿ ತೋರಿಸಿದಾಗ ಡಾಕ್ಟರು ತಲೆಯೆತ್ತದೆ, "ಒಂದು ಮಗು ಆಗಿದೆಯಲ್ಲ, ಗರ್ಭಕೋಶ ತೆಗೆಸಿಬಿಡಿ" ಅಂದರು. ನನಗೆ ಇನ್ನೊಂದು ಮಗು ಬೇಕಿತ್ತು. ಅದನ್ನು ಅಲ್ಲಿ ಹೇಳಲು ಬಾಯೇ ಬರಲಿಲ್ಲ. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿಕೊಂಡು ಊರು ಬರುವವರೆಗೂ ಅತ್ತೆ.

ಬಾಣಂತನದಲ್ಲಿ ನಮ್ಮಮ್ಮ ಹಳೇ ಸೀರೆ ಹರಿದು ಹೊಟ್ಟೆಗೆ ಬಿಗಿಯಾಗಿ ಕಟ್ಟುತ್ತಿದ್ದಳು. ಹೊಟ್ಟೆ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎಂಬುದು ನನ್ನ ತಲೆಯಲ್ಲಿ ಕೂತಿತ್ತು. ಮೆಡಿಕಲ್ ಸ್ಟೋರಿನಿಂದ ಹೊಟ್ಟೆಗೆ ಸುತ್ತುವ ಬೆಲ್ಟು ತಂದು, ಉಸಿರು ಹಿಡಿದು ಎಳೆದು ಕಟ್ಟಿಕೊಂಡೆ. ಜಾರುವುದು ಇನ್ನೂ ಹೆಚ್ಚಾಯಿತು. ಹೆಚ್ಚಾದಷ್ಟೂ ಬಿಗಿ ಮಾಡಿದೆ. ಕೊನೆಗೆ ಒಂದು ಭಾನುವಾರ ಬ್ಲೌಸು ಹೊಲಿಸುವ ನೆಪ ಮಾಡಿಕೊಂಡು ಗಂಗಕ್ಕನ ಅಂಗಡಿಗೆ ಹೋದೆ. ಸ್ಟೂಲಿನ ಮೇಲೆ ನಾನು ಒಂದು ಮಗ್ಗುಲಿಗೆ ವಾಲಿ ಕೂತದ್ದನ್ನು ನೋಡಿದವಳೇ ಅವಳು ಮಷೀನು ನಿಲ್ಲಿಸಿದಳು.

"ಬ್ಲೌಸು ಆಮೇಲೆ. ಯಾವಾಗಿಂದ?" ಅಂದಳು.

ನಾನು ಜೋರಾಗಿ ಅತ್ತುಬಿಟ್ಟೆ. ಪರದೆಯ ಹಿಂದೆ ನನ್ನ ಬೆಲ್ಟು ನೋಡಿ ಅವಳಿಗೆ ಎಲ್ಲಿತ್ತೋ ಸಿಟ್ಟು. "ರಾಗಿ ಚೀಲಕ್ಕೆ ನಡುಮಧ್ಯ ಹಗ್ಗ ಬಿಗಿದ್ರೆ ರಾಗಿ ಎಲ್ಲಿಗೆ ಹೋಗ್ತದೆ? ತಳಕ್ಕೆ. ನಿಂದು ತಳವೇ ಸಡಿಲ ಆಗಿರೋ ಚೀಲ. ಮೇಲೆ ಬಿಗಿದು ಬಿಗಿದು ನೀನೇ ಕೆಳಕ್ಕೆ ನೂಕಿದ್ದೀಯ. ಓದಿರೋಳು ಅಂತೆ, ಓದಿರೋಳು!" ವರ್ಷದಿಂದ ಯಾರೂ ನನ್ನನ್ನು ಹಾಗೆ ಬೈದಿರಲಿಲ್ಲ. ಬೈಸಿಕೊಂಡದ್ದಕ್ಕೇ ಜೀವ ಅರ್ಧ ಹಗುರವಾಯಿತು.

ಪಟ್ಟಿ ಹೊಲಿದಳು. ಹೊಲಿದ ಮೇಲೂ ಅವಳ ಪರೀಕ್ಷೆ ಮುಗಿಯುತ್ತಿರಲಿಲ್ಲ. "ಹಾಕ್ಕೊಂಡು ಮನೆಗೋಗಿ ನಾಲ್ಕು ಜನಕ್ಕಾಗೋ ಅಷ್ಟು ಮುದ್ದೆ ತೊಳಸು. ಆಮೇಲೆ ಬಂದು ಹೇಳು" ಅನ್ನುತ್ತಿದ್ದಳು. ಎರಡೂ ಪಾದದಿಂದ ಪಾತ್ರೆ ಅದುಮಿ ಹಿಡಿದು, ಬಗ್ಗಿ, ಮುದ್ದೆ ಕೋಲು ತಿರುವುವಾಗ ಹೆಂಗಸಿನ ಮೈಯಲ್ಲಿರುವ ಭಾರವೆಲ್ಲ ತಳಕ್ಕೇ ಬರುತ್ತದೆ. ಅದನ್ನು ತಡೆದ ಪಟ್ಟಿ ಯಾವುದನ್ನಾದರೂ ತಡೆಯುತ್ತದೆ ಎಂಬುದು ಅವಳ ಲೆಕ್ಕ. ಹಾಗೆ ತೊಳಸಿ ಬಂದು "ಆಗ್ಲಿಲ್ಲ ಗಂಗಕ್ಕ" ಎಂದು ಎಷ್ಟೋ ಜನ ಹೇಳಿದ್ದಾರಂತೆ. ಅಂಥವರಿಗೆ ಅವಳು ಪಟ್ಟಿ ಕೊಡದೆ ಆಸ್ಪತ್ರೆಯ ದಾರಿ ತೋರಿಸುತ್ತಿದ್ದಳು.

ನಾನು ಮುದ್ದೆ ತೊಳಸಿದೆ. ಅರ್ಧಕ್ಕೇ ಇಳಿಯಿತು. ಆದರೂ ಹೋಗಿ, "ಚೆನ್ನಾಗೈತೆ ಅಕ್ಕ, ಏನೂ ಆಗ್ಲಿಲ್ಲ" ಎಂದು ಸುಳ್ಳು ಹೇಳಿದೆ. ಇದೂ ಆಗುವುದಿಲ್ಲವೆಂದರೆ ಮುಂದೆ ಇರುವುದು ಆಪರೇಷನ್ನೇ ಎಂದು ನಾನು ನಂಬಿದ್ದೆ. ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ನಿಜ ತಾನೆ?" ಅಂದಳು. ನಿಜವೇ ಅಂದೆ, ಮಗಳ ಮೇಲೆ ಆಣೆ ಇಡುವುದೊಂದು ಬಾಕಿಯಿತ್ತು.

ಎರಡು ತಿಂಗಳು ಆ ಪಟ್ಟಿ ಹಾಕಿಕೊಂಡೆ. ನಿಂತರೆ ತಡೆಯುತ್ತಿತ್ತು, ಡಬ್ಬ ಎತ್ತಿದರೆ ಇಲ್ಲ. ನಾನೇ ಸೂಜಿ ಹಿಡಿದು ಗುಂಡಿಗಳನ್ನು ಎರಡು ಬೆರಳು ಒಳಕ್ಕೆ ಜರುಗಿಸಿದೆ. ತೊಡೆಸಂದಿ ಕಿತ್ತುಹೋಯಿತು, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮತ್ತೆ ಕಟ್ಟಿಕೊಂಡೆ. ಒಂದು ಮಧ್ಯಾಹ್ನ ಗೋಡೌನಿನಲ್ಲಿ ಮೂತ್ರ ಕಟ್ಟಿಕೊಂಡಿತು. ಟಾಯ್ಲೆಟ್ಟಿನಲ್ಲಿ ಕೂತೇ ಕೂತೆ, ಒಂದು ಹನಿ ಬರಲಿಲ್ಲ. ಹೊಟ್ಟೆ ಒಡೆಯುವ ಹಾಗೆ ನೋವು. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಕೊನೆಗೆ ಇಳಿದುಬಂದದ್ದನ್ನು ಬೆರಳಿನಿಂದ ಒಳಕ್ಕೆ ತಳ್ಳಿಕೊಂಡ ಮೇಲೆ ಬಂತು. ಆ ಒದ್ದೆ ನೆಲದ ಮೇಲೆ ಗೋಡೆಗೆ ಹಣೆಯಿಟ್ಟು, ಸತ್ತರೂ ಚಿಂತೆಯಿಲ್ಲ ಎಂದುಕೊಂಡೆ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಈಗ ಹೇಳುತ್ತಿದ್ದೇನೆ.

ಮರುದಿನ ಪಟ್ಟಿಯನ್ನು ಗಂಗಕ್ಕನ ಮುಂದಿಟ್ಟೆ. ಅವಳು ಬೆಳಕಿಗೆ ಹಿಡಿದು ನೋಡಿದಳು. ಅಂಚಿನಲ್ಲಿ ಕಂದು ಬಣ್ಣದ ಎರಡು ಕಲೆ.

"ಗುಂಡಿ ಯಾರು ಜರುಗಿಸಿದ್ದು?"

"ನಾನೇ."

"ಮುದ್ದೆ?"

"ಸುಳ್ಳು ಹೇಳಿದ್ದೆ."

ಬೈಯುತ್ತಾಳೆಂದು ತಲೆತಗ್ಗಿಸಿದೆ. ಅವಳು ಕತ್ತರಿ ತೆಗೆದುಕೊಂಡು ಪಟ್ಟಿಯನ್ನು ಉದ್ದಕ್ಕೆ ಕತ್ತರಿಸಿ ಮಷೀನಿನ ಕೆಳಗೆ ಹಾಕಿದಳು. "ನನ್ನ ಹೊಲಿಗೆ ಚೆನ್ನಾಗೈತೆ. ನಿನ್ನ ಮೈಗೆ ಆಗಲ್ಲ. ಎರಡೂ ನಿಜ. ಅದಕ್ಯಾಕೆ ಅಳ್ತೀಯಾ? ನಡಿ" ಅಂದು ಅಂಗಡಿಗೆ ಬೀಗ ಹಾಕಿದಳು.

ದೊಡ್ಡಬಳ್ಳಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೂ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಇದ್ದರು. ಎಲ್ಲ ಕೇಳಿಸಿಕೊಂಡು, ಇನ್ನೊಂದು ಮಗು ಬೇಕಾ ಎಂದು ಅವರೇ ಕೇಳಿದರು. ಬೇಕು, ಬೇಕು ಎಂದು ಎರಡು ಸಲ ಅಂದೆ. ಹಾಗಾದರೆ ತೆಗೆಸುವುದು ಬೇಡ, ಒಳಗಿಟ್ಟು ಗರ್ಭಕೋಶಕ್ಕೆ ಆಸರೆ ಕೊಡುವ ಮೆತ್ತನೆಯ ಉಂಗುರವಿದೆ, ಹಾಕಿ ನೋಡೋಣ ಅಂದರು. ಮೊದಲನೆಯದನ್ನು ಹಾಕಿ, ನಡೆಯಿರಿ, ಕೆಮ್ಮಿ, ಕುಕ್ಕರಗಾಲಲ್ಲಿ ಕೂರಿ ಅಂದರು. ಗಂಗಕ್ಕ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು, ತನ್ನ ಪರೀಕ್ಷೆಯನ್ನು ಡಾಕ್ಟರೂ ಮಾಡುತ್ತಾರಲ್ಲ ಎಂಬ ಜಂಬ. ಉಂಗುರ ನಾಲ್ಕು ಹೆಜ್ಜೆಗೇ ಜಾರಿಬಂತು. ಎರಡನೆಯದು ಒತ್ತಿ ನೋವಾಯಿತು. ನಾನು ಕಾರಿಡಾರಿನ ಬೆಂಚಿನ ಮೇಲೆ ಕುಸಿದು ಕೂತೆ. "ನನ್ನ ಮೈಗೆ ಯಾವ್ದೂ ಆಗಲ್ಲ ಅಕ್ಕ. ಮನೆಗೋಗಣ."

"ಬಳೆ ತೊಡಿಸೋನು ಒಂದೇ ಸಲಕ್ಕೆ ಸೈಜು ಹಿಡಿತಾನೇನೇ? ಒಂದು ಹಾಕ್ತಾನೆ, ಆಗ್ಲಿಲ್ಲ ಅಂದ್ರೆ ಇನ್ನೊಂದು ತೆಗಿತಾನೆ. ತಪ್ಪು ಬಳೆದಾ, ಕೈದಾ? ಎರಡರದ್ದೂ ಅಲ್ಲ. ಎದ್ದೇಳು."

ಮೂರನೆಯದು ನಿಂತಿತು. ನಡೆದೆ, ಕೂತೆ, ಒಗ್ಗರಣೆ ಘಾಟು ಹತ್ತಿದವಳ ಹಾಗೆ ಕೆಮ್ಮಿದೆ, ಮೂತ್ರಕ್ಕೆ ಹೋಗಿ ಬಂದೆ. ಅದು ಒಳಗಿರುವುದೇ ಗೊತ್ತಾಗಲಿಲ್ಲ. ಡಾಕ್ಟರು ತೊಳೆಯುವ ಕ್ರಮ, ಮತ್ತೆ ಬರಬೇಕಾದ ದಿನ, ದಿನಾ ಮಾಡಬೇಕಾದ ವ್ಯಾಯಾಮ ಎಲ್ಲ ಹೇಳಿ, ಗಂಗಕ್ಕನ ಕಡೆ ತಿರುಗಿ, "ನೀವೂ ಬನ್ನಿ ಅಮ್ಮ, ಹೆಂಗೂ ಬಂದಿದೀರಲ್ಲ, ಒಂದ್ಸಲ ನೋಡಿಬಿಡ್ತೀನಿ" ಅಂದರು.

"ನಂದು ಇಪ್ಪತ್ತು ವರ್ಷದಿಂದ ಪಟ್ಟೀಲೇ ನಿಂತೈತೆ ಡಾಕ್ಟ್ರೇ. ಬಸ್ಸಿನ ಟೈಮಾಯ್ತು" ಅಂದಳು ಗಂಗಕ್ಕ.

ನಾನು ನನ್ನ ಸಂತೋಷದಲ್ಲಿದ್ದೆ. ಬ್ಯಾಗು ತೆಗೆದುಕೊಂಡು ಅವಳಿಗಿಂತ ಮುಂಚೆ ಎದ್ದೆ.

ತಿಂಗಳಾದ ಮೇಲೆ ಅವರೆಕಾಯಿ ತೆಗೆದುಕೊಂಡು ಅವಳ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಒಗೆದ ಬಟ್ಟೆ ಎತ್ತುತ್ತಿದ್ದಳು. ತಂತಿಯ ಮೇಲೆ ಒಂದು ಹಳೇ ಸೀರೆಯ ಕೆಳಗೆ ಮುಚ್ಚಿ ಹಾಕಿದ್ದ ಪಟ್ಟಿಯೊಂದು ಕಂಡಿತು. ಕಡು ಕೆಂಪು ಬಣ್ಣದ್ದು. ಮುಟ್ಟಿದರೆ ನಾಲ್ಕು ಪದರ ದಪ್ಪ. "ಏನಕ್ಕ, ನಮಗೆಲ್ಲ ಬಿಳೀದು, ನಿಂಗೆ ಮಾತ್ರ ಕಲರ್ದು?" ಎಂದು ರೇಗಿಸಿದೆ. "ಟೈಲರಿಗೆ ಮಿಕ್ಕಿದ ಬಟ್ಟೆನೇ ಗತಿ ಕಣೇ" ಎಂದು ನಗುತ್ತಾ ಅದನ್ನು ಕಿತ್ತು ಸೆರಗಿನೊಳಗೆ ಇಟ್ಟುಕೊಂಡಳು. ನಾನೂ ನಕ್ಕೆ. ಕಲೆ ಕಾಣಲಿ ಎಂದು ಬಿಳಿ ಬಟ್ಟೆ ಎಂಬ ಮಾತನ್ನು ಅವಳ ಬಾಯಿಂದ ಎಷ್ಟೋ ಸಲ ಕೇಳಿದ್ದ ನಾನು, ಆ ಕೆಂಪು ಬಟ್ಟೆಯನ್ನು ಮುಟ್ಟಿ ನೋಡಿಯೂ ಹಲ್ಲು ಕಿರಿದೆ. ಈ ಪೆದ್ದುತನಕ್ಕೆ ನನ್ನನ್ನು ನಾನು ಕ್ಷಮಿಸಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಮಗಳು ಫೋನು ಮಾಡಿದಳು. ಗಂಗಕ್ಕ ಮಷೀನಿನ ಮುಂದೆಯೇ ಬಿದ್ದಳಂತೆ. ಗರ್ಭಕೋಶದ ಬಾಯಿಯಲ್ಲಿ ಕ್ಯಾನ್ಸರ್, ತಡವಾಗಿ ಬಂದಿರಿ ಎಂದು ಹೇಳಿ ಬೆಂಗಳೂರಿನ ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ನಾನು ಹೋದಾಗ ಹಾಸಿಗೆಯಲ್ಲಿ ಅರ್ಧ ಗಂಗಕ್ಕ ಮಾತ್ರ ಇದ್ದಳು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು.

"ಯಾವಾಗಿಂದ?" ಅವಳು ನನ್ನನ್ನು ಕೇಳಿದ ಪ್ರಶ್ನೆಯೇ ನನ್ನ ಬಾಯಲ್ಲೂ ಬಂತು.

"ಎರಡು ವರ್ಷದಿಂದ ಒಂದೊಂದು ತೊಟ್ಟು ಬೀಳ್ತಿತ್ತು."

"ನಂಗೆ ಉಂಗುರ ಹಾಕಿಸಿದ ದಿನಾನೂ?"

ಅವಳು ಹೌದೆಂದು ತಲೆಯಾಡಿಸಿದಳು.

"ಊರಿಗೆಲ್ಲ ಹೇಳ್ತಿದ್ಯಲ್ಲ ಗಂಗಕ್ಕ! ಡಾಕ್ಟ್ರು ಬಾಗಿಲು ತೆಕ್ಕೊಂಡು ಬನ್ನಿ ಬನ್ನಿ ಅಂದ್ರಲ್ಲ!"

"ಬಿಳೀದು ಹಾಕ್ಕೊಂಡಿದ್ರೆ ಕಾಣ್ತಿತ್ತು ಕಣೇ. ಕಂಡ್ರೆ ಹೋಗ್ಬೇಕಾಗ್ತಿತ್ತು" ಅಂದಳು. ಹೊದಿಕೆ ಎದೆಯವರೆಗೆ ಎಳೆದುಕೊಂಡು, "ಹೆದರಿಕೆ ಶೋಭಾ. ನಂಗೂ ಹೆದರಿಕೆ ಆಗ್ತದೆ ಅಂತ ಯಾರಿಗಾದ್ರೂ ಹೊಳೀತಾ?" ಅಂದಳು.

ನನಗೂ ಹೊಳೆದಿರಲಿಲ್ಲ. ಅವಳ ಕಾಲು ಹಿಡಿದುಕೊಂಡು ಅತ್ತೆ. ಅವಳು ಬೈದು ಎಬ್ಬಿಸಿದಳು. "ಅತ್ತಿದ್ದು ಸಾಕು. ಈ ಪಟ್ಟಿ ಸಡಿಲ ಆಗಿ ಬೀಳ್ತೈತೆ. ಮಗಳಿಗೆ ಹೊಲಿಯಾಕೆ ಬರಲ್ಲ. ನೀನು ಮಷೀನು ತುಳಿಯೋದು ಒಂಚೂರು ಕಲ್ತಿದ್ದೀಯಲ್ಲ, ಒಂದು ಹೊಲಿದು ಕೊಡು."

ಅವಳದೇ ಟೇಪು ತಂದು ಸೊಂಟಕ್ಕೆ ಸುತ್ತಿದೆ. ಮೂಳೆಗೆ ಸುತ್ತಿದ ಹಾಗಿತ್ತು. ಎಷ್ಟು ಎಂದು ಕೇಳಿದಳು. ನಾಲ್ಕು ಇಂಚು ಸೇರಿಸಿ ಹೇಳಿದೆ. "ಮುದ್ದೆ ವಿಷ್ಯದಲ್ಲೂ ಹಿಂಗೇ ಸುಳ್ಳು ಹೇಳಿದ್ದೆ" ಎಂದು ನಕ್ಕಳು. ಬಟ್ಟೆ ಯಾವುದು ಎಂದು ಕೇಳಿದ್ದಕ್ಕೆ ಬೀರುವಿನ ಕೆಳಗಿನ ಖಾನೆ ತೋರಿಸಿ, "ಬಿಳೀದ್ರಲ್ಲೇ ಹೊಲಿ. ಇನ್ನೇನು ಬಚ್ಚಿಡೋದೈತೆ" ಅಂದಳು.

ಅಂಗಡಿಯಲ್ಲಿ ಅವಳ ಮಷೀನಿನ ಮೇಲೇ ಹೊಲಿದೆ. ತಂದುಕೊಟ್ಟರೆ ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿನಿಂದ ಹೊಲಿಗೆಯ ಉದ್ದಕ್ಕೂ ಸವರಿ, "ಸೊಟ್ಟ ಬಿದ್ದೈತೆ. ಬಿಚ್ಚಿ ಹೊಲ್ಕೊಂಡು ಬಾ, ಅವಸರ ಇಲ್ಲ" ಅಂದಳು. ಮನೆಗೆ ತಂದು ಪೂರ್ತಿ ಬಿಚ್ಚಿದೆ. ಎರಡು ದಿನ ಕೂತು, ಅವಳು ಹೊಲಿಯುತ್ತಿದ್ದ ಹಾಗೆಯೇ ನೇರವಾಗಿ ಹೊಲಿದೆ. ಗುಂಡಿ ಹಾಕುತ್ತಿರುವಾಗ ಅವಳ ಮಗಳ ಫೋನು ಬಂತು.

ಆ ಪಟ್ಟಿ ನನ್ನ ಬೀರುವಿನಲ್ಲಿದೆ. ಮೂರು ಗುಂಡಿ ಹಾಕಿದೆ, ನಾಲ್ಕನೆಯದು ಹಾಕಿಲ್ಲ. ಆಗಾಗ ತೆಗೆದು ಬೆಳಕಿಗೆ ಹಿಡಿದು ನೋಡುತ್ತೇನೆ. ಬಿಳಿ ಬಟ್ಟೆ ಹಾಗೇ ಇದೆ, ಎಲ್ಲೂ ಒಂದು ಕಲೆಯಿಲ್ಲ.