ಟ್ರಂಕಿನಲ್ಲಿಟ್ಟ ಅಕ್ಕಿ

ಇಸ್ತ್ರಿ ಅಕ್ಕನ ಮನೆ ಎಂದರೆ ಮನೆ ಎನ್ನುವ ಹಾಗೇನೂ ಇಲ್ಲ, ಒಂದೇ ಒಂದು ಕೋಣೆ, ಅದರಲ್ಲೇ ಅವಳು, ಗಂಡ, ಅತ್ತೆ, ಪುಟ್ಟ ಮಗಳು. ಬಾಗಿಲು ತೆರೆದರೆ ಇಸ್ತ್ರಿ ಮೇಜು, ಮೇಜು ದಾಟಿದರೆ ಮಂಚ, ಮಂಚ ದಾಟಿದರೆ ಗೋಡೆ, ಮುಗಿಯಿತು ಕಥೆ. ಸ್ಟವ್ ಇರುವುದು ಬಾಗಿಲ ಹಿಂದೆ. ಅಡುಗೆ ಮುಗಿಯುವ ತನಕ ಹೊರಗಿದ್ದವರು ಹೊರಗೆ, ಒಳಗಿದ್ದವರು ಒಳಗೆ. ಕಪಾಟಿಲ್ಲ, ಗೂಡಿಲ್ಲ. ಗೋಡೆಗೆ ಒಂದು ಮೊಳೆ ಹೊಡೆದರೂ ಓನರಮ್ಮ ಮಹಡಿಯಿಂದ ಇಳಿದು ಬರುತ್ತಾರೆ. "ಗೋಡೆ ನಂದು, ತೂತು ನಿಂದಾ?" ಎನ್ನುತ್ತಾರೆ.

ಇಂಥ ಕೋಣೆಗೆ ಅವಳ ಗಂಡ ಒಂದು ದಿನ ಮೂಟೆ ಅಕ್ಕಿಯನ್ನೂ ಚೀಲದ ತುಂಬ ಬೇಳೆಯನ್ನೂ ತಂದು ಇಳಿಸಿದ. ಅವನು ದೂರದಲ್ಲೆಲ್ಲೋ ಸೇತುವೆ ಕೆಲಸಕ್ಕೆ ಹೊರಟಿದ್ದ.

"ನೋಡೇ, ಸೇತುವೆ ಮುಗಿಯೋವರೆಗೂ ಬರೋಕಾಗಲ್ಲ. ಕೂಲಿನೂ ಕೊನೇಲೇ ಕೊಡೋದಂತೆ. ನಿನ್ನ ಇಸ್ತ್ರಿ ದುಡ್ಡು ಬಾಡಿಗೆಗೇ ಸರಿಹೋಗುತ್ತೆ. ಹೊಟ್ಟೆಗೆ ಇರೋದು ಇದೊಂದೇ. ಕಾಪಾಡ್ಕೋ."

ಹೇಳಿ ಹೋಗಿಬಿಟ್ಟ. ಕಾಪಾಡುವುದು ಎಲ್ಲಿ, ಹೇಗೆ ಎಂದು ಅವನೂ ಹೇಳಲಿಲ್ಲ.

ಮೊದಲು ಮೂಟೆ ಮಂಚದ ಕೆಳಗೆ ಹೋಯಿತು. ಮೋರಿಯಿಂದ ಇಲಿಗಳು ನೆಂಟರ ಹಾಗೆ ಬಂದವು, ಮೂಲೆ ಕಡಿದವು. ಬೇಳೆಯನ್ನು ಕುಕ್ಕರಿನಲ್ಲಿ ತುಂಬಿ ಮುಚ್ಚಳ ಬಿಗಿದಳು. ಇಲಿಗೆ ಸಿಗಲಿಲ್ಲ, ನಿಜ, ಆದರೆ ಬೇಯಿಸುವುದು ಯಾವುದರಲ್ಲಿ? ಕುಕ್ಕರ್ ಖಾಲಿ ಮಾಡಿ, ಬೇಳೆಯನ್ನೆಲ್ಲ ದಿಂಬಿನ ಕವರಿಗೆ ತುಂಬಿ ಅತ್ತೆಯ ತಲೆಯಡಿಗೆ ಕೊಟ್ಟಳು.

"ಏನೇ ಇದು, ಕಲ್ಲಿನ ಮೇಲೆ ಮಲಗಿಸ್ತೀಯಾ?"

"ಅತ್ತೆ, ನೀವು ಮಲಗಿದ್ರೆ ಇಲಿ ಹತ್ರ ಬರಲ್ಲ. ನಿಮ್ಮ ಗೊರಕೆಗೆ ಬೆಕ್ಕೂ ಓಡಿಹೋಗುತ್ತೆ."

"ಬಾಯಿ ನೋಡು ಇವಳದ್ದು! ಮುದುಕೀನ ಕಾವಲು ನಾಯಿ ಮಾಡ್ಕೊಂಡ್ಲು."

ಕೊನೆಗೆ ಫ್ಯಾನ್ ಬಿಚ್ಚಿಸಿ, ಆ ಕೊಕ್ಕೆಗೆ ಮೂಟೆ ತೂಗುಹಾಕಿದಳು. ಕಾದ ಇಸ್ತ್ರಿಪೆಟ್ಟಿಗೆಯ ಮುಂದೆ ಗಾಳಿಯಿಲ್ಲದೆ ಬೆವರು ನೀರಾಗಿ ಹರಿಯಿತು. ಇಲಿಗಳೋ, ಕರೆಂಟು ವೈರಿನ ಮೇಲೆ ಸರ್ಕಸ್ಸಿನವರ ಹಾಗೆ ನಡೆದುಬಂದು, ಮೇಲಿಂದ ತೂತು ಮಾಡಿ, ಕೆಳಗೆ ಮಲಗಿದ್ದವರ ಮುಖಕ್ಕೇ ಅಕ್ಕಿ ಸುರಿಸಿದವು.

ಅಷ್ಟರಲ್ಲಿ ಪಕ್ಕದ ಬೀದಿಯ ರಿಟೈರ್ಡ್ ನರ್ಸಮ್ಮ ಒಂದು ಟ್ರಂಕು ಕಳಿಸಿದರು. ಹೊರಗೆ ತಗಡು, ಒಳಗೆ ಮರದ ಹಲಗೆ, ತುಂಬ ಉಣ್ಣೆ ಬಟ್ಟೆ. ಎಲ್ಲ ಬಿಸಿಲಿಗೆ ಹಾಕಿ, ಇಸ್ತ್ರಿ ಮಾಡಿ, ನಿಧಾನವಾಗಿ ಕೊಟ್ಟರೆ ಸಾಕು ಎಂದಿದ್ದರು. ಬಟ್ಟೆ ಹೊರಗೆ ತೆಗೆದ ಮೇಲೆ ಖಾಲಿ ಟ್ರಂಕು ನೋಡಿ ಅವಳ ಕಣ್ಣು ಅರಳಿತು. ಒಳಗೆ ಒರೆಸಿದಳು, ಅಕ್ಕಿ ಸುರಿದಳು, ಬೇಳೆಯನ್ನೂ ದಿಂಬಿನ ಕವರಿನ ಸಮೇತ ಒಳಗಿಟ್ಟಳು, ಮುಚ್ಚಿ ಚಿಲಕ ಹಾಕಿದಳು. ಇಲಿಗಳು ಸುತ್ತ ಓಡಾಡಿ ಸೋತುಹೋದವು.

ಮಗಳು ಮಾತ್ರ ಮೂಗು ಮುಚ್ಚಿಕೊಂಡಳು. "ಅಮ್ಮಾ, ಪೆಟ್ಟಿಗೆ ನುಸಿಗುಳಿಗೆ ವಾಸನೆ ಬರ್ತಿದೆ."

"ಊರವರ ಬಟ್ಟೆಯೆಲ್ಲಾ ಇಲ್ಲೇ ಬಿದ್ದಿದೆ, ಮನೆಯೇ ಆ ವಾಸನೆ. ಸುಮ್ನಿರು."

ಅವಳಿಗೆ ತಿಳಿಯುವುದಾದರೂ ಹೇಗೆ? ವರ್ಷಗಟ್ಟಲೆ ಇದ್ದಿಲ ಹೊಗೆ ಕುಡಿದು ಅವಳ ಮೂಗು ಸತ್ತೇ ಹೋಗಿತ್ತು. ಅತ್ತೆಯ ಮೂಗನ್ನು ನಶ್ಯ ಮುಗಿಸಿತ್ತು. ಆ ಮನೆಯಲ್ಲಿ ಬದುಕಿದ್ದ ಮೂಗು ಒಂದೇ, ಅದರ ಮಾತಿಗೆ ಬೆಲೆಯಿರಲಿಲ್ಲ.

ಹೊರಗೆ ಉಳಿಸಿಕೊಂಡಿದ್ದ ಅಕ್ಕಿ ಕೆಲವು ದಿನಕ್ಕೆ ಮುಗಿದ ಮೇಲೆ ಟ್ರಂಕು ತೆರೆದು ಅನ್ನ ಮಾಡಿದಳು. ಮಗಳು ಎರಡು ತುತ್ತು ತಿಂದಳು, ಮೂರನೆಯದನ್ನು ಉಗುಳಿದಳು, ಆಮೇಲೆ ವಾಂತಿ. ಅವಳು ಮಗುವನ್ನೆತ್ತಿಕೊಂಡು ನರ್ಸಮ್ಮನ ಮನೆಗೆ ಓಡಿ, ನಡೆದದ್ದನ್ನೆಲ್ಲ ಹೇಳಿದಳು. ನರ್ಸಮ್ಮ ಮಗುವಿನ ಕಣ್ಣು, ನಾಲಿಗೆ ನೋಡಿ, ಏನಾಗಿಲ್ಲ ಎಂದು ಹೇಳಿ, ಅವಳ ಕಡೆ ತಿರುಗಿದರು.

"ಅಲ್ಲ ಕಣೇ, ಎಷ್ಟೋ ವರ್ಷದಿಂದ ಅದರಲ್ಲಿ ನುಸಿಗುಳಿಗೆ ಇಟ್ಟಿದೀನಿ. ಆ ಮರವೆಲ್ಲಾ ಅದನ್ನೇ ಕುಡಿದು ಕೂತಿದೆ. ವಿಷ ಅದು!"

"ತೊಳೆದ್ರೆ ಹೋಗಲ್ವಾ ಅಮ್ಮಾ? ನಮಗೆ ಬೇರೆ ಏನೂ ಇಲ್ಲ."

"ಹೋದರೂ ಹೋದೀತು, ಹೋಗದೇನೂ ಇದ್ದೀತು. ಮಗು ಮೇಲೆ ಪರೀಕ್ಷೆ ಮಾಡ್ತೀಯಾ?"

ಅವಳು ಮಗುವನ್ನು ಎತ್ತಿಕೊಂಡು ಹೊರಟಳು. ಮನೆಗೆ ಬಂದು ಅಕ್ಕಿಯನ್ನೂ ಬೇಳೆಯನ್ನೂ ತೊಳೆದಳು. ಮತ್ತೆ ತೊಳೆದಳು. ಓನರಮ್ಮನ ಕಾಲು ಹಿಡಿದು ತಾರಸಿಯ ಮೇಲೆ ಹರಡಿದಳು. ಮಗಳನ್ನು ಕರೆದು ಒಂದು ಹಿಡಿ ಅಕ್ಕಿ ಅವಳ ಮೂಗಿನ ಹತ್ತಿರ ಹಿಡಿದಳು.

"ಮೂಸು."

"ಇದೆ ಅಮ್ಮಾ."

ಮರುದಿನ ಮತ್ತೆ ತೊಳೆತ, ಮತ್ತೆ ಬಿಸಿಲು. "ಈಗ?"

"ಇದೆ."

ಮನೆಯಲ್ಲಿ ಅಂದು ಒಲೆ ಹಚ್ಚಲಿಲ್ಲ. ಅತ್ತೆ ನೀರು ಕುಡಿದು, "ನನಗೇನು, ಹಲ್ಲೂ ಇಲ್ಲ, ಹಸಿವೂ ಇಲ್ಲ," ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಮಗಳಿಗೆ ಓನರಮ್ಮ ಕೊಟ್ಟ ಒಂದು ಬಾಳೆಹಣ್ಣಷ್ಟೇ ಸಿಕ್ಕಿತ್ತು.

ಅದರ ಮರುದಿನ ಅವಳು ಮತ್ತೆ ಹಿಡಿ ಅಕ್ಕಿ ಚಾಚಿದಳು. ಮಗಳು ಮೂಸಿದಳು. ಅಮ್ಮನ ಮುಖ ನೋಡಿದಳು, ಅಕ್ಕಿ ನೋಡಿದಳು.

"ಇಲ್ಲ ಅಮ್ಮಾ. ಹೋಗಿದೆ. ಪೂರ್ತಿ ಹೋಗಿದೆ."

ಅವಳಿಗೆ ಕುಣಿಯುವಷ್ಟು ಖುಷಿ. ಓಡಿಹೋಗಿ ಪಾತ್ರೆ ತುಂಬ ಅಕ್ಕಿ ಹಾಕಿ ಬೇಯಲು ಇಟ್ಟಳು. ಅನ್ನ ಕುದಿಯಿತು, ಆವಿ ಮೇಲೆದ್ದಿತು. ಆವಿ ಮುಖಕ್ಕೆ ಬಡಿದದ್ದೇ ಮಗಳು ಮುಖವನ್ನು ಗೋಡೆ ಕಡೆ ತಿರುಗಿಸಿ, ಉಸಿರು ಬಿಗಿಹಿಡಿದು, ಮತ್ತೆ ಈಚೆ ತಿರುಗಿ ತಟ್ಟೆ ಮುಂದೆ ಕೂತಳು. ಮುಖದಲ್ಲಿ ನಗು, ಕಣ್ಣಲ್ಲಿ ನೀರು.

ಸೌಟು ಹಿಡಿದ ಕೈ ನಿಂತೇಹೋಯಿತು.

"ಸುಳ್ಳು ಹೇಳಿದ್ಯಾ?"

"ಹಸಿವಾಗ್ತಿತ್ತಮ್ಮಾ," ಎಂದಳು ಮಗಳು. "ಮೂಗು ಮುಚ್ಕೊಂಡು ತಿಂತೀನಿ. ಉಗುಳಲ್ಲ, ಆಣೆ."

ಅವಳು ಮಗುವನ್ನು ಎದೆಗೆ ಒತ್ತಿಕೊಂಡು ಕೂತುಬಿಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಬಾಯಿಯ ತನಕ ಬಂದದ್ದನ್ನು ಅವಳೇ ತಡೆಯಬೇಕಾಯಿತು. ಒಲೆಯ ಮೇಲೆ ಅನ್ನ ಬೆಂದು, ಕರಗಿ, ಅಂಟಂಟಾಯಿತು. ಚೆಲ್ಲಲೆಂದು ಮೋರಿಯ ತನಕ ಹೊತ್ತುಕೊಂಡು ಹೋದವಳು ಪಾತ್ರೆಯೊಳಗೆ ನೋಡಿದಳು. ಗಟ್ಟಿ ಗಂಜಿ, ಬೆರಳಿಗೆ ಅಂಟುವಂಥದ್ದು.

ಬಗ್ಗಿಸಲಿಲ್ಲ. ವಾಪಸ್ ತಂದು, ನೀರು ಬೆರೆಸಿ, ಸೋಸಿ, ತನ್ನದೇ ಒಂದು ಹಳೇ ಬೆಡ್‌ಶೀಟ್ ಅದ್ದಿ ಹಿಂಡಿ, ಒಣಗಿಸಿ, ಇಸ್ತ್ರಿ ಮಾಡಿದಳು. ಅದು ಹಪ್ಪಳದ ಹಾಗೆ ಸೆಟೆದು ನಿಂತಿತು. ಅದನ್ನೇ ಕೈಯಲ್ಲಿ ಹಿಡಿದು ಬೀದಿಗಿಳಿದಳು.

"ಗಂಜಿ ಹಾಕಿ ಇಸ್ತ್ರಿ ಮಾಡ್ಕೊಡ್ತೀನಮ್ಮಾ! ನುಸಿನೂ ಹತ್ತಲ್ಲ!"

ಮೊದಲ ಮನೆಯವರು ಬಾಗಿಲು ಹಾಕಿಕೊಂಡರು. ಎರಡನೆಯವರು ವಾಸನೆಗೆ ಮುಖ ಸಿಂಡರಿಸಿದರು. ನರ್ಸಮ್ಮ ಏನೂ ಕೇಳದೆ ಪರದೆಗಳನ್ನೆಲ್ಲ ಬಿಚ್ಚಿ, ಕೂಲಿಯನ್ನೂ ಮುಂಚಿತವಾಗಿ ಕೊಟ್ಟರು. ಸಂಜೆ ಬರುವಾಗ ಅವಳ ಕೈಯಲ್ಲಿ ಒಂದು ಬ್ರೆಡ್ಡು ಇತ್ತು. ಅತ್ತೆ ಎದ್ದು ಕೂತು ಅದನ್ನು ಮೂರು ಪಾಲು ಮಾಡಿ, ತನ್ನ ಪಾಲಿನಲ್ಲಿ ಅರ್ಧ ಮುರಿದು ಮೊಮ್ಮಗಳ ಮುಂದಿಟ್ಟಳು.

ಮಗಳು ಮೂಸಿ ನೋಡಿದಳು, ಆಮೇಲೆ ತಿಂದಳು.

"ಸ್ವಲ್ಪ ನಾಳೆಗೆ ಎತ್ತಿಡ್ಲಾ ಅಮ್ಮಾ?"

"ಬೇಡ, ಎಲ್ಲಾ ತಿನ್ನು," ಎಂದಳು ಇಸ್ತ್ರಿ ಅಕ್ಕ. "ನಾಳೆ ಮೇಲಿನ ಬೀದಿಗೆ ಹೋಗ್ತೀನಿ."