ಸ್ಕ್ರೂ ಮಾಮ ವಾಪಸು ಬಂದನೇ?

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಆಕೆಯನ್ನು ಎಲ್ಲರೂ ಅಂಟಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೊಂಬತ್ತು ವರ್ಷದಿಂದ ಅಂಟಿನ ಬಟ್ಟಲಲ್ಲಿ ಅದ್ದಿದ ಬೆರಳುಗಳು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಬೆಳ್ಳಗೆ ಒಂದು ಗೆರೆ ಉಳಿದೇ ಇರುತ್ತಿತ್ತು. ಮಾತು ಕಡಿಮೆ. ಆದರೆ ಆ ಹಳೆಯ ಬಾಹ್ಯಾಕಾಶದ ಧಾರಾವಾಹಿಯ ಸುದ್ದಿ ಎತ್ತಿದರೆ ಮುಗಿಯಿತು, ಕುಂಚ ಕೆಳಗಿಟ್ಟು ಜಗಳಕ್ಕೆ ನಿಂತುಬಿಡುತ್ತಿದ್ದಳು.

ಆಕೆಗೆ ಒಂಬತ್ತು ವರ್ಷವಾಗಿದ್ದಾಗ ಅವರ ಕಟ್ಟಡದಲ್ಲಿ ಇದ್ದದ್ದು ಒಂದೇ ಟಿವಿ, ಕೆಳಮಹಡಿಯ ದರ್ಜಿಯ ಮನೆಯಲ್ಲಿ. ಭಾನುವಾರ ಸಂಜೆ ಐದಕ್ಕೆ ಮಕ್ಕಳೆಲ್ಲ ಹೊಲಿಗೆ ಯಂತ್ರದ ಸುತ್ತ ಒತ್ತೊತ್ತಾಗಿ ಕೂರುತ್ತಿದ್ದರು. ವಾರವಾರವೂ ಹೊಸ ಗ್ರಹ. ನೋಡಿದರೆ ಅದೇ ಕಲ್ಲುಕ್ವಾರಿ. ಯಾರಾದರೂ ಒರಗಿದರೆ ಬಂಡೆಯೇ ಅಲುಗಾಡುತ್ತಿತ್ತು! ಆದರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನೌಕೆಯ ಮೆಕ್ಯಾನಿಕ್‌ಗೆ ಮಕ್ಕಳು ಇಟ್ಟ ಹೆಸರು ಸ್ಕ್ರೂ ಮಾಮ. ಅವನೆಂದರೆ ಆಕೆಗೆ ಪ್ರಾಣ.

ಕೊನೆಯ ಕಂತಿನ ವಾರ ಆಕೆಗೆ ದಡಾರ ಬಂತು. ಹಿಂದಿನ ಕೋಣೆಯಲ್ಲಿ ಮಲಗಿಸಿದರು. ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಒಬ್ಬಳೇ ನೋಡಿಬಂದು, ಒಳಗೆ ಕಾಲಿಡುವಂತಿಲ್ಲವೆಂದು ಹೊಸ್ತಿಲಾಚೆ ನಿಂತೇ ಕಥೆಯನ್ನೆಲ್ಲ ಹೇಳಿದಳು. ನೌಕೆ ಒಡೆಯುವುದರಲ್ಲಿತ್ತಂತೆ. ಹೊರಗಿನಿಂದ ಬಾಗಿಲು ಮುಚ್ಚಲು ಸ್ಕ್ರೂ ಮಾಮ ಇಳಿದನಂತೆ.

"ಅಕ್ಕಾ, ವಾಪಸ್ ಬಂದ್ನಾ?"

"ಬಂದ ಕಣೇ. ನೀನು ಮಲ್ಕೋ."

ಮುಂದೆ ಆಕೆ ಗ್ರಂಥಾಲಯದ ಕೆಲಸಕ್ಕೆ ಸೇರಿದಳು. ಆ ಕಂತುಗಳನ್ನೇ ಕಾದಂಬರಿಗಳಾಗಿ ಬರೆದಿದ್ದ ಸಣ್ಣ ಪುಸ್ತಕಗಳು, ಓದಿ ಓದಿ ಹೊಲಿಗೆ ಬಿಟ್ಟು, ಒಂದೊಂದಾಗಿ ಆಕೆಯ ಮೇಜಿಗೆ ಬರತೊಡಗಿದವು. ಅಂಟು ಒಣಗುವಷ್ಟು ಹೊತ್ತು ಓದುತ್ತಿದ್ದಳು. ಪುಸ್ತಕದಲ್ಲಿ ಕ್ವಾರಿಯೇ ಇಲ್ಲ. ಕೆಂಪು ಮರಳು, ಮೂರು ಸೂರ್ಯರು, ಒಬ್ಬೊಬ್ಬರಿಗೂ ಮೂರು ನೆರಳು. ನೌಕೆಯ ಕ್ಯಾಪ್ಟನ್‌ಗೆ ಕಾಗದ ಬರೆಯುವ ತಾಯಿಯೂ ಇದ್ದಳು. ಆದರೆ ಟಿವಿಯ ಒಂದು ಕಂತಿನಲ್ಲಿ ಒಬ್ಬ ಮುದುಕಿ ರಾಣಿ ತುಟಿ ಬಿಚ್ಚದೆ ಬಾಗಿಲು ಮುಚ್ಚಿಕೊಂಡಿದ್ದಳಷ್ಟೆ, ಅದಕ್ಕೆ ಪುಸ್ತಕದಲ್ಲಿ ಒಂದೂವರೆ ಪುಟ ವಿವರಣೆ!

"ಪುಸ್ತಕದಲ್ಲಿ ಮನಸ್ಸಿನ ಒಳಗೆ ಹೋಗಬಹುದಮ್ಮ," ಎನ್ನುತ್ತಿದ್ದರು ಗ್ರಂಥಪಾಲಕರು, ಚಹಾದ ಹೊತ್ತಿನಲ್ಲಿ.

"ಮುಖ ನೋಡಿದ್ರೆ ಸಾಕಾಗಲ್ವಾ ಸರ್?"

ಕೊನೆಯ ಪುಸ್ತಕ ಬಂದ ದಿನ ಮಾತ್ರ ಆಕೆ ಚಹಾ ಕುಡಿಯಲಿಲ್ಲ. ಅದರಲ್ಲಿ ಸ್ಕ್ರೂ ಮಾಮ ಹಿಂದಿರುಗುವುದೇ ಇಲ್ಲ. ಬಾಗಿಲು ಮುಚ್ಚಿ, ದೂರವಾಗುವ ನೌಕೆಗೆ ಕೈಬೀಸುತ್ತ ಹೊರಗೇ ಉಳಿಯುತ್ತಾನೆ.

"ಬರೆದೋನಿಗೆ ತಲೆ ಕೆಟ್ಟಿತ್ತಾ? ಟಿವೀಲಿ ಬರ್ತಾನೆ ಸರ್!"

ಪುಸ್ತಕದಲ್ಲಿರುವುದೇ ಸರಿ ಎಂಬುದು ಗ್ರಂಥಪಾಲಕರ ವಾದ. ಆದರೆ ಆ ಕಂತನ್ನು ಅವರೂ ನೋಡಿರಲಿಲ್ಲ. ಧಾರಾವಾಹಿಯ ಟೇಪಿನ ಸುರುಳಿಗಳು ಕಳೆದುಹೋಗಿವೆ ಎಂಬ ಮಾತಿತ್ತು. ಹೀಗಾಗಿ ಜಗಳ ವರ್ಷಗಟ್ಟಲೆ ಎಳೆಯಿತು. ಇಬ್ಬರಿಗೂ ಅದು ಮುಗಿಯುವುದು ಬೇಕಿರಲಿಲ್ಲವೋ ಏನೋ.

ಆಕೆಗೆ ಐವತ್ತೆಂಟಾದಾಗ ಯಾವುದೋ ಗೋದಾಮಿನಲ್ಲಿ ಸುರುಳಿಗಳು ಸಿಕ್ಕವು, ಧಾರಾವಾಹಿ ಮತ್ತೆ ಪ್ರಸಾರವಾಯಿತು. ಕೊನೆಯ ಕಂತಿನ ಭಾನುವಾರ ಅಕ್ಕನನ್ನು ಮನೆಗೆ ಕರೆಸಿಕೊಂಡಳು. ಅಕ್ಕ ಯಾಕೋ ಸೋಫಾದ ತುದಿಯಲ್ಲೇ ಕೂತಿದ್ದಳು. ಪರದೆಯ ಮೇಲೆ ಸ್ಕ್ರೂ ಮಾಮ ಟೊಪ್ಪಿಗೆ ತೆಗೆದು, ದಿನದ ಕೆಲಸ ಮುಗಿದವನಂತೆ ಮೊಳೆಗೆ ತೂಗುಹಾಕಿದ. ಹೊರಗಿಳಿದ. ಬಾಗಿಲು ಮುಚ್ಚಿತು. ನೌಕೆ ಹೊರಟಿತು. ಅವನು ಬರಲಿಲ್ಲ. ಆ ಟೊಪ್ಪಿಗೆಯ ಮಾತು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

"ಅಕ್ಕಾ!"

"ನಿಂಗೆ ನೂರಮೂರು ಜ್ವರ," ಎಂದಳು ಅಕ್ಕ, ಸೆರಗಿನಿಂದ ಕಣ್ಣೊರೆಸುತ್ತ. "ಮೈಯೆಲ್ಲ ಕೆಂಪಗಾಗಿತ್ತು. ಬಂದ್ನಾ ಅಂತ ನೀನು ಕೇಳ್ದೆ. ಇಲ್ಲ ಅನ್ನೋಕೆ ನಾಲಿಗೆ ಏಳ್ಲಿಲ್ಲ ಕಣೇ."

"ನಿನ್ನ ಮಾತು ಕಟ್ಕೊಂಡು ಆ ಸರ್ ಜೊತೆ ಎಷ್ಟು ಕಿತ್ತಾಡಿದೀನಿ ಗೊತ್ತಾ!" ಸಿಟ್ಟಿನಿಂದ ಶುರುವಾದ ಮಾತು ನಗುವಿಗೆ ತಿರುಗಿತು. ಅಕ್ಕನೂ ನಕ್ಕಳು.

"ಹೇಗೆ ಕರ್ಕೊಂಬಂದಿದ್ದೆ ನಾನು ಅವ್ನನ್ನ? ಮರೆತೇಹೋಗಿದೆ," ಎಂದಳು ಅಕ್ಕ.

"ಸ್ಪ್ಯಾನರ್‌ಗೆ ಹಗ್ಗ ಕಟ್ಟಿ ನೌಕೆಯ ಬಾಲಕ್ಕೆ ಎಸೆದ ಅಂತ ನೀನೇ ಅಂದೆ. ಹಗ್ಗ ಹಿಡ್ಕೊಂಡು ಜೋತಾಡ್ತಾ ಬಂದ ಅಂದೆ."

"ಅಯ್ಯೋ! ಅದನ್ನೂ ನಂಬಿದ್ಯಾ?"

ಮರುದಿನ ಗ್ರಂಥಪಾಲಕರ ಮೇಜಿನ ಮುಂದೆ ನಿಂತು, "ನೀವೇ ಗೆದ್ರಿ ಸರ್," ಎಂದಳು. ನಡೆದದ್ದನ್ನೆಲ್ಲ ಕೇಳಿ ಅವರು ಕನ್ನಡಕ ತೆಗೆದು ಒರೆಸಿದರು. ಗೆದ್ದವರ ಮುಖ ಅದಾಗಿರಲಿಲ್ಲ.

"ನಾನೇ ಸೋಲಲಿ, ಅವನು ಬಂದಿರಲಿ ಅಂತಾನೇ ಇಷ್ಟು ವರ್ಷ ನಿಮ್ಮ ಹತ್ರ ವಾದ ಮಾಡ್ತಿದ್ದೆ," ಎಂದು ಸ್ಟೂಲು ಮುಂದಕ್ಕೆ ಸರಿಸಿದರು. "ಕೂತ್ಕೊಳ್ಳಿ. ಆ ಹಗ್ಗದ್ದು ಇನ್ನೊಂದ್ಸಲ ಹೇಳಿ."